ಸಂಘದ ಕಚೇರಿಗೆ ಹೊರಗಿನಿಂದ ವಿಪಿಎನ್ ಸುರಂಗ: ಸಂಪರ್ಕ ಕೂಡುತ್ತದೆ, ಕೆಲಸ ಮಾತ್ರ ಸಾಗುವುದಿಲ್ಲ

ಘಟ್ಟದಮೇಲೆ:
ಎಲ್ಲರಿಗೂ ನಮಸ್ಕಾರ. ಉತ್ತರ ಕನ್ನಡ ಜಿಲ್ಲೆಯಲ್ಲಿ ಅಡಿಕೆ ವಹಿವಾಟು ನಡೆಸುವ ಒಂದು ಸಹಕಾರ ಸಂಘದ ಕಂಪ್ಯೂಟರ್ ವ್ಯವಸ್ಥೆ ನನ್ನ ಜವಾಬ್ದಾರಿಯಲ್ಲಿದೆ. ಪ್ರಧಾನ ಕಚೇರಿಯಲ್ಲಿ ಒಂದು ವಿಂಡೋಸ್ ಸರ್ವರ್ ಇದ್ದು, ಟ್ಯಾಲಿಯ ದತ್ತಾಂಶವೂ ಉಳಿದ ಕಡತಗಳೂ ಅದರಲ್ಲಿಯೇ ಇವೆ. ಅದರ ಮುಂದೆ ಮೈಕ್ರೋಟಿಕ್ ಕಂಪನಿಯ ರೂಟರ್, ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇವಾದಾರರ ಜಾಲಕ್ಕೆ ಸೇರುವ ವಿಧಾನ) ಮೂಲಕ ಬರುವ ಫೈಬರ್ ಸಂಪರ್ಕ ಮತ್ತು ಪ್ರತ್ಯೇಕವಾಗಿ ಹಣ ತೆತ್ತು ಪಡೆದ ಸ್ಥಿರ ಐಪಿ ವಿಳಾಸ ಇವೆ. ಶಾಖೆಗಳ ಗುಮಾಸ್ತರು, ಮನೆಯಿಂದ ಕೆಲಸ ಮಾಡುವ ಲೆಕ್ಕಿಗರು ಮತ್ತು ಹುಬ್ಬಳ್ಳಿಯಲ್ಲಿರುವ ಲೆಕ್ಕಪರಿಶೋಧಕರು ಹೊರಗಿನಿಂದ ಡಯಲ್ ಮಾಡಿ ಒಳಗೆ ಬರುವಂತೆ ಎಲ್‌2ಟಿಪಿ (ಸಂಪರ್ಕವನ್ನು ಸಾಗಿಸುವ ವಿಧಾನ) ಮತ್ತು ಐಪಿಸೆಕ್ (ಅದಕ್ಕೆ ಗೂಢಲಿಪಿಯ ಹೊದಿಕೆ) ಜೋಡಿಯ ವಿಪಿಎನ್ ಸುರಂಗವನ್ನು, ಅಂದರೆ ಅಂತರ್ಜಾಲದ ಮೂಲಕ ಕಚೇರಿಯ ಜಾಲಕ್ಕೆ ಸೇರುವ ಖಾಸಗಿ ದಾರಿಯನ್ನು, ಸಿದ್ಧಪಡಿಸಿದ್ದೇನೆ.

ತೊಂದರೆ ಮೂರು ಬಗೆಯದು. ಮೊದಲನೆಯದಾಗಿ, ಸಂಪರ್ಕ ಕೂಡಿದ ಮೇಲೆ ರೂಟರ್‌ನ 192.168.1.1 ಪಿಂಗ್‌ಗೆ (ಯಂತ್ರ ಸಿಗುತ್ತಿದೆಯೇ ಎಂದು ನೋಡುವ ಪರೀಕ್ಷೆಗೆ) ಉತ್ತರಿಸುತ್ತದೆಯಾದರೂ 192.168.1.10ರಲ್ಲಿರುವ ಸರ್ವರ್ ಉತ್ತರಿಸುವುದೇ ಇಲ್ಲ. ಹೊರಗಿನ ಬಳಕೆದಾರರಿಗೆ 192.168.1.200ರಿಂದ 220ರವರೆಗಿನ ವಿಳಾಸಗಳನ್ನು ಮೀಸಲಿಟ್ಟಿದ್ದೇನೆ. ಎರಡನೆಯದಾಗಿ, ಲೆಕ್ಕಪರಿಶೋಧಕರ ಕಚೇರಿಯಿಂದ ಒಬ್ಬರು ಸೇರಿದಾಗ ಸುರಂಗ ಗಟ್ಟಿಯಾಗಿ ನಿಲ್ಲುತ್ತದೆ, ಅದೇ ಕಚೇರಿಯಿಂದ ಇನ್ನೊಬ್ಬರು ಸೇರಿದೊಡನೆ ಮೊದಲನೆಯವರದು ಕಡಿದುಹೋಗುತ್ತದೆ. ಮೂರನೆಯದಾಗಿ, ನಮ್ಮ ವ್ಯವಸ್ಥಾಪಕರು ಕೊಂಡ ಹೊಸ ಆಂಡ್ರಾಯ್ಡ್ ಫೋನಿನಲ್ಲಿ ಎಲ್‌2ಟಿಪಿ ಎಂಬ ಆಯ್ಕೆಯೇ ಕಾಣುತ್ತಿಲ್ಲ. ಇದೇ ವ್ಯವಸ್ಥೆಯನ್ನು ಸರಿಪಡಿಸಿಕೊಳ್ಳಬೇಕೋ, ಇಲ್ಲವೇ ಬೇರೆಯದಕ್ಕೆ ಹೋಗಬೇಕೋ ಎಂಬುದನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ತಂತಿಬೇಲಿ:
ಮೊದಲನೆಯ ತೊಂದರೆಗೆ ಉತ್ತರ ನಿಮ್ಮ ಪ್ರಶ್ನೆಯಲ್ಲಿಯೇ ಇದೆ. ಹೊರಗಿನವರಿಗೆ ಒಳಗಿನ ಸಬ್‌ನೆಟ್ಟಿನದೇ (ಒಂದೇ ಜಾಲಕ್ಕೆ ಸೇರಿದ ವಿಳಾಸಗಳ ಗುಂಪಿನದೇ) ವಿಳಾಸ ಕೊಟ್ಟಿದ್ದೀರಿ. ಸರ್ವರ್ ತನ್ನ ಉತ್ತರವನ್ನು 192.168.1.201ಕ್ಕೆ ಕಳುಹಿಸಬೇಕಾದಾಗ, ಆ ವಿಳಾಸ ತನ್ನದೇ ಸ್ವಿಚ್ಚಿನಲ್ಲಿದೆ ಎಂದು ಭಾವಿಸಿ, ರೂಟರ್‌ಗೆ ಒಪ್ಪಿಸುವ ಬದಲು ಎಆರ್‌ಪಿ ಮೂಲಕ, ಅಂದರೆ ಈ ವಿಳಾಸ ಯಾರದು ಎಂದು ಜಾಲದಲ್ಲಿರುವ ಎಲ್ಲರನ್ನೂ ಕೇಳುವ ವಿಧಾನದಿಂದ, ನೇರವಾಗಿ ಕೂಗುತ್ತದೆ. ಆ ಯಂತ್ರ ಅಲ್ಲಿಲ್ಲದ ಕಾರಣ ಯಾರೂ ಓಗೊಡುವುದಿಲ್ಲ. ರೂಟರ್‌ನ ಒಳಬದಿಯ ಬ್ರಿಡ್ಜ್‌ನಲ್ಲಿ (ಒಳಗಿನ ಕಿಂಡಿಗಳನ್ನು ಒಂದೇ ಜಾಲವಾಗಿ ಕೂಡಿಸುವ ಭಾಗದಲ್ಲಿ) ಎಆರ್‌ಪಿ ಎಂಬಲ್ಲಿ ಪ್ರಾಕ್ಸಿ-ಎಆರ್‌ಪಿ ಎಂದು ಬದಲಿಸಿ. ಊರಿಗೆ ಹೋದವರ ಪರವಾಗಿ ಅಂಚೆ ಪಡೆದುಕೊಂಡು ತಲುಪಿಸುವ ಪಕ್ಕದ ಮನೆಯವರ ಕೆಲಸವನ್ನು ಆಗ ರೂಟರ್ ಮಾಡುತ್ತದೆ. ರೂಟರ್ ಮಾತ್ರ ಪಿಂಗ್‌ಗೆ ಉತ್ತರಿಸುತ್ತಿರುವುದೇ ಈ ರೋಗದ ಸ್ಪಷ್ಟ ಲಕ್ಷಣ.

ಕರಾವಳಿಅಲೆ:
ತಂತಿಬೇಲಿಯವರು ಹೇಳಿದ ಕಾರಣ ಸರಿ, ಆದರೆ ಪರಿಹಾರವನ್ನು ನಾನು ಒಪ್ಪುವುದಿಲ್ಲ. ಪ್ರಾಕ್ಸಿ-ಎಆರ್‌ಪಿ ಒಂದು ತೇಪೆ ಮಾತ್ರ. ಹೊರಗಿನವರಿಗೆ ಪ್ರತ್ಯೇಕ ಸಬ್‌ನೆಟ್ ಕೊಟ್ಟರೆ ಫೈರ್‌ವಾಲ್‌ನಲ್ಲಿ ಅವರನ್ನು ಒಂದೇ ನಿಯಮದಿಂದ ಗುರುತಿಸಬಹುದು, ಯಾರು ಯಾವ ಸರ್ವರಿಗೆ ಹೋಗಬೇಕೆಂಬುದನ್ನು ನಿರ್ಬಂಧಿಸಬಹುದು, ಲಾಗ್ ಓದುವಾಗಲೂ ಒಳಗಿನವರು ಯಾರು, ಹೊರಗಿನವರು ಯಾರು ಎಂಬುದು ಥಟ್ಟನೆ ತಿಳಿಯುತ್ತದೆ.

ತಂತಿಬೇಲಿ:
ಪ್ರತ್ಯೇಕ ಸಬ್‌ನೆಟ್ ಉತ್ತಮ ಎಂಬುದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಹಾಗೆ ಮಾಡಿದ ಕೂಡಲೇ ಇನ್ನೆರಡು ತೊಡಕುಗಳು ಹುಟ್ಟುತ್ತವೆ, ಅವನ್ನೂ ಹೇಳಿಬಿಡುವುದು ನ್ಯಾಯ. ವಿಂಡೋಸ್‌ನಲ್ಲಿ ದೂರದ ಜಾಲವನ್ನೇ ಡೀಫಾಲ್ಟ್ ಗೇಟ್‌ವೇ ಆಗಿ ಬಳಸು ಎಂಬ ಗುರುತನ್ನು ತೆಗೆದುಹಾಕಿದರೆ, ಅದು ತನಗೆ ದೊರೆತ ವಿಳಾಸದ ವರ್ಗವನ್ನು ನೋಡಿ ಮಾರ್ಗವನ್ನು ತಾನೇ ಊಹಿಸುತ್ತದೆ. 192.168.50.5 ದೊರೆತರೆ 192.168.50.0ದಿಂದ ಆರಂಭವಾಗುವ 24 ಬಿಟ್‌ಗಳ ಜಾಲಕ್ಕೆ (ಮೊದಲ ಮೂರು ಅಂಕಿಗಳು ಒಂದೇ ಆಗಿರುವ ವಿಳಾಸಗಳಿಗೆ) ಮಾತ್ರ ಮಾರ್ಗ ಬರುತ್ತದೆ, ಸರ್ವರ್ ಇರುವ 192.168.1.0ಕ್ಕೆ ಬರುವುದಿಲ್ಲ. ಆಗ ಪ್ರತಿ ಯಂತ್ರದಲ್ಲಿಯೂ ಪವರ್‌ಶೆಲ್‌ನಿಂದ ಆಡ್-ವಿಪಿಎನ್‌ಕನೆಕ್ಷನ್‌ರೂಟ್ ಆಜ್ಞೆ ಕೊಟ್ಟು ಮಾರ್ಗವನ್ನು ಸೇರಿಸಬೇಕಾಗುತ್ತದೆ. ಎರಡನೆಯದು ಸರ್ವರ್‌ನ ಸ್ವಂತ ಫೈರ್‌ವಾಲ್. ವಿಂಡೋಸ್‌ನ ಖಾಸಗಿ ಪ್ರೊಫೈಲ್‌ನಲ್ಲಿ ಕಡತ ಹಂಚಿಕೆಯ ನಿಯಮಗಳು ಮೂಲತಃ ಸ್ಥಳೀಯ ಸಬ್‌ನೆಟ್‌ಗೆ ಮಾತ್ರ ಬಾಗಿಲು ತೆರೆಯುತ್ತವೆ, ಪಿಂಗ್‌ನ ನಿಯಮವೂ ಹಾಗೆಯೇ. ಸುರಂಗವೂ ಮಾರ್ಗವೂ ಸರಿಯಿದ್ದು ಸರ್ವರ್ ಮಾತ್ರ ಮೌನವಾಗಿದ್ದರೆ ಮೊದಲು ನೋಡಬೇಕಾದ ಸ್ಥಳ ಅದು.

ಬಯಲುಸೀಮೆ:
ಇಷ್ಟೆಲ್ಲ ಏಕೆ? ರೂಟರ್‌ನಲ್ಲಿ 3389 ಪೋರ್ಟನ್ನು (ಸೇವೆಯೊಂದರ ಬಾಗಿಲ ಸಂಖ್ಯೆಯನ್ನು) ನೇರವಾಗಿ ಸರ್ವರಿಗೆ ತಿರುಗಿಸಿ, ಎಲ್ಲರೂ ರಿಮೋಟ್ ಡೆಸ್ಕ್‌ಟಾಪ್‌ನಿಂದ, ಅಂದರೆ ಸರ್ವರ್‌ನ ಪರದೆಯನ್ನು ದೂರದಿಂದಲೇ ತೆರೆದು, ಕೆಲಸ ಮಾಡಲಿ. ಸುರಂಗವೇ ಬೇಕಾಗಿಲ್ಲ.

ಕೀಲಿಕೈ:
ಬಯಲುಸೀಮೆಯವರೇ, ದಯವಿಟ್ಟು ಇಂತಹ ಸಲಹೆಯನ್ನು ಯಾರಿಗೂ ಕೊಡಬೇಡಿ. ರಿಮೋಟ್ ಡೆಸ್ಕ್‌ಟಾಪ್ ಪೋರ್ಟನ್ನು ಅಂತರ್ಜಾಲಕ್ಕೆ ತೆರೆದಿಟ್ಟರೆ ಸ್ವಲ್ಪ ಹೊತ್ತಿನಲ್ಲಿಯೇ ಯಂತ್ರಗಳು ಅದನ್ನು ಹುಡುಕಿ ಪಾಸ್‌ವರ್ಡ್ ಊಹಿಸಲು ತೊಡಗುತ್ತವೆ. ಪಾಸ್‌ವರ್ಡ್ ಎಷ್ಟೇ ಗಟ್ಟಿಯಿದ್ದರೂ ಸಾಲದು. 2019ರ ಮೇ ತಿಂಗಳಿನಲ್ಲಿ ಬೆಳಕಿಗೆ ಬಂದ ರಿಮೋಟ್ ಡೆಸ್ಕ್‌ಟಾಪ್‌ನ ಬ್ಲೂಕೀಪ್ ದೋಷವನ್ನು ಬಳಸಿಕೊಳ್ಳಲು ಪಾಸ್‌ವರ್ಡೇ ಬೇಕಿರಲಿಲ್ಲ, ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಹೊರಡಿಸಬೇಕಾಯಿತು. ಸಹಕಾರ ಸಂಘವೆಂದರೆ ಸಾವಿರಾರು ರೈತರ ಠೇವಣಿ, ಸಾಲ ಮತ್ತು ಖಾತೆಯ ವಿವರ. ಅದನ್ನು ಒಂದು ಪೋರ್ಟ್‌ನ ಹಿಂದೆ ಇಡುವುದು ಸರಿಯಲ್ಲ.

ಬಯಲುಸೀಮೆ:
ಪೋರ್ಟ್ ಸಂಖ್ಯೆಯನ್ನು ಬದಲಿಸಿದರೆ ಸಾಲದೇ? ಹಲವು ಅಂಗಡಿಗಳು ಹೀಗೆಯೇ ನಡೆಸುತ್ತಿವೆ.

ಕೀಲಿಕೈ:
ಸಾಲದು. 65535 ಪೋರ್ಟ್‌ಗಳನ್ನೂ ತಡಕುವುದು ಯಂತ್ರಕ್ಕೆ ಕಷ್ಟವಲ್ಲ, ಸಂಖ್ಯೆ ಯಾವುದಾಗಿದ್ದರೂ ಅದರ ಹಿಂದೆ ಯಾವ ಸೇವೆಯಿದೆ ಎಂಬುದು ಅದಕ್ಕೆ ಕೂಡಲೇ ಗೊತ್ತಾಗುತ್ತದೆ.

ತುಂಗಾತೀರ:
ಎರಡನೆಯ ತೊಂದರೆಯ ಬಗ್ಗೆ ಯಾರೂ ಮಾತನಾಡಲಿಲ್ಲ, ನನ್ನ ಪ್ರಕಾರ ನಿರ್ಣಾಯಕವಾದದ್ದು ಅದೇ. ಎಲ್‌2ಟಿಪಿಯನ್ನು ಐಪಿಸೆಕ್‌ನ ಒಳಗೆ ಕಳುಹಿಸುವಾಗ ಟ್ರಾನ್ಸ್‌ಪೋರ್ಟ್ ವಿಧಾನ (ಐಪಿ ತಲೆಬರಹವನ್ನು ಹಾಗೆಯೇ ಬಿಟ್ಟು ಒಳಗಿನದನ್ನು ಮಾತ್ರ ಮುಚ್ಚುವ ಕ್ರಮ) ಬಳಕೆಯಾಗುತ್ತದೆ. ಲೆಕ್ಕಪರಿಶೋಧಕರ ಕಚೇರಿಯ ಎರಡೂ ಲ್ಯಾಪ್‌ಟಾಪ್‌ಗಳು ಒಂದೇ ನ್ಯಾಟ್‌ನ (ಹಲವು ಯಂತ್ರಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರಿಸುವ ವ್ಯವಸ್ಥೆಯ) ಹಿಂದಿವೆ, ಹಾಗಾಗಿ ಹೊರಗೆ ಬರುವಾಗ ಇಬ್ಬರಿಗೂ ಒಂದೇ ಸಾರ್ವಜನಿಕ ವಿಳಾಸ. ಹೊರಗಿನ ಯುಡಿಪಿ (ಪ್ಯಾಕೆಟ್ ಸಾಗಿಸುವ ಒಂದು ಪ್ರೋಟೊಕಾಲ್) ಪೋರ್ಟ್ 4500ರ ಹೊದಿಕೆಯನ್ನು ನ್ಯಾಟ್ ಬೇರೆ ಬೇರೆ ಪೋರ್ಟ್‌ಗಳಾಗಿ ಬದಲಿಸಿ ವಿಂಗಡಿಸಿದರೂ, ಒಳಗಿರುವ ಎಲ್‌2ಟಿಪಿ ಪ್ಯಾಕೆಟ್‌ನಲ್ಲಿ ವಿಂಡೋಸ್ ಎರಡೂ ತುದಿಗೆ 1701 ಪೋರ್ಟನ್ನೇ ಬಳಸುತ್ತದೆ. ಗೂಢಲಿಪಿಯನ್ನು ಬಿಡಿಸಿದ ಮೇಲೆ ನಿಮ್ಮ ರೂಟರ್‌ಗೆ ಕಾಣುವುದು ಒಂದೇ ವಿಳಾಸದಿಂದ, ಒಂದೇ ಪೋರ್ಟ್‌ನಿಂದ ಬಂದ ಎರಡು ಸಂಭಾಷಣೆ. ಉತ್ತರವನ್ನು ಯಾರ ಐಪಿಸೆಕ್ ಒಪ್ಪಂದದಲ್ಲಿ ಕಳುಹಿಸಬೇಕೆಂಬುದು ಅದಕ್ಕೆ ತಿಳಿಯುವುದಿಲ್ಲ, ಹೊಸದು ಹಳೆಯದನ್ನು ತಳ್ಳುತ್ತದೆ.

ಲಿನಕ್ಸ್‌ನಲ್ಲಿ ಸ್ಟ್ರಾಂಗ್‌ಸ್ವಾನ್ ಎಂಬ ಐಪಿಸೆಕ್ ತಂತ್ರಾಂಶ ಬಳಸುವವರಿಗೆ ಕಾನ್‌ಮಾರ್ಕ್ ಎಂಬ ಸೇರ್ಪಡೆಯ ಮೂಲಕ ಇದಕ್ಕೊಂದು ದಾರಿಯಿದೆ. ಮೈಕ್ರೋಟಿಕ್‌ನಲ್ಲಿ ಈ ಮಿತಿ ದಾಖಲೆಯಲ್ಲಿಯೇ ಇದೆ. ಆದ್ದರಿಂದ ಒಂದೇ ಕಚೇರಿಯಿಂದ ಇಬ್ಬರು ಬರಲೇಬೇಕಾಗಿದ್ದರೆ, ಎಲ್‌2ಟಿಪಿಯನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಬಯಲುಸೀಮೆ:
ಹಾಗಾದರೆ ಪಿಪಿಟಿಪಿ ಎಂಬ ಹಳೆಯ ಸುರಂಗ ವಿಧಾನವನ್ನು ಬಳಸಬಹುದಲ್ಲ. ಐಪಿಸೆಕ್‌ನ ಗೊಂದಲವೇ ಅದರಲ್ಲಿಲ್ಲ, ಸ್ಥಾಪನೆಯೂ ಸುಲಭ.

ಕೀಲಿಕೈ:
ಸುಲಭವೇನೋ ಹೌದು, ಸುರಕ್ಷಿತವಲ್ಲ. ಪಿಪಿಟಿಪಿಯ ಭದ್ರತೆ ನಿಂತಿರುವುದು ಎಂಎಸ್-ಚಾಪ್ ಎಂಬ ಪಾಸ್‌ವರ್ಡ್ ಪರೀಕ್ಷೆಯ ಎರಡನೆಯ ಆವೃತ್ತಿಯ ಮೇಲೆ. ಅದನ್ನು ಭೇದಿಸುವ ಕೆಲಸ ಡಿಇಎಸ್ ಎಂಬ ಹಳೆಯ ಗೂಢಲಿಪಿಯ ಒಂದೇ ಒಂದು ಕೀಲಿಯನ್ನು ಹುಡುಕುವುದಕ್ಕೆ ಇಳಿಯುತ್ತದೆ ಎಂಬುದನ್ನು ಭದ್ರತಾ ಸಂಶೋಧಕ ಮಾಕ್ಸಿ ಮಾರ್ಲಿನ್‌ಸ್ಪೈಕ್ 2012ರ ಡೆಫ್‌ಕಾನ್ ಸಮ್ಮೇಳನದಲ್ಲಿ ತೋರಿಸಿಕೊಟ್ಟರು. ಆ್ಯಪಲ್ 2016ರಲ್ಲಿ ಐಒಎಸ್ 10 ಮತ್ತು ಮ್ಯಾಕ್‌ಒಎಸ್ ಸಿಯೆರಾದಿಂದ ಅದನ್ನು ಕಿತ್ತುಹಾಕಿತು. ಸಾಲದ್ದಕ್ಕೆ ಅದು ಟಿಸಿಪಿ 1723ರ ಜೊತೆಗೆ ಜಿಆರ್‌ಇ ಎಂಬ ಪ್ರತ್ಯೇಕ ಪ್ರೋಟೊಕಾಲನ್ನು ಬಳಸುವುದರಿಂದ, ಪೋರ್ಟ್ ಸಂಖ್ಯೆಯೇ ಇಲ್ಲದ ಆ ಪ್ಯಾಕೆಟ್‌ಗಳನ್ನು ನ್ಯಾಟ್ ದಾಟಿಸುವುದಕ್ಕೂ ರೂಟರ್‌ನ ವಿಶೇಷ ನೆರವು ಬೇಕು.

ಹಳೆಯಮೋಡೆಮ್:
ಹಿನ್ನೆಲೆ ತಿಳಿದರೆ ಈ ತೊಡಕುಗಳು ಏಕೆ ಹೀಗಿವೆ ಎಂಬುದು ಅರ್ಥವಾಗುತ್ತದೆ ಎಂದು ಎರಡು ಮಾತು ಬರೆಯುತ್ತೇನೆ. ನಮ್ಮ ದೇಶದಲ್ಲಿ ಆಗಿನ ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭಿಸಿದ ಕಾಲದಲ್ಲಿ, ಕಚೇರಿಗೆ ಹೊರಗಿನಿಂದ ಬರಬೇಕೆಂದರೆ ಕಚೇರಿಯ ಮೋಡೆಮ್‌ಗೆ ದೂರವಾಣಿ ಕರೆ ಮಾಡಬೇಕಾಗಿತ್ತು. ದೂರದ ಊರಾದರೆ ಎಸ್‌ಟಿಡಿ ದರ. ಆ ತಂತಿಯ ಮೇಲೆ ಹರಿಯುತ್ತಿದ್ದುದು ಪಿಪಿಪಿ. ಬಳಕೆದಾರನ ಹೆಸರು ಕೇಳುವುದು, ಪಾಸ್‌ವರ್ಡ್ ಪರೀಕ್ಷಿಸುವುದು, ಐಪಿ ವಿಳಾಸ ಕೊಡುವುದು, ಡಿಎನ್‌ಎಸ್ ತಿಳಿಸುವುದು, ಇಷ್ಟನ್ನೂ ಅದೇ ಮಾಡುತ್ತಿತ್ತು. ಕರೆಯನ್ನು ಸ್ಥಳೀಯ ಸೇವಾದಾರರ ಮೋಡೆಮ್‌ನಲ್ಲಿಯೇ ಸ್ವೀಕರಿಸಿ, ಪಿಪಿಪಿಯನ್ನು ಮಾತ್ರ ಅಂತರ್ಜಾಲದ ಮೂಲಕ ಕಚೇರಿಗೆ ಸಾಗಿಸಿದರೆ ದೂರದ ಕರೆಯ ಖರ್ಚು ಉಳಿಯುತ್ತದೆ ಎಂಬ ಲೆಕ್ಕಾಚಾರದಿಂದ ಬಂದದ್ದು ಎಲ್‌2ಟಿಪಿ. ಸಿಸ್ಕೊದ ಎಲ್‌2ಎಫ್ ಮತ್ತು ಮೈಕ್ರೋಸಾಫ್ಟ್ ಮುಂದಾಗಿ ರೂಪಿಸಿದ ಪಿಪಿಟಿಪಿಯ ಗುಣಗಳನ್ನು ಕೂಡಿಸಿ 1999ರಲ್ಲಿ ಅದನ್ನು ಆರ್‌ಎಫ್‌ಸಿ 2661 ಎಂಬ ಅಂತರ್ಜಾಲದ ಪ್ರಮಾಣ ದಾಖಲೆಯಾಗಿ ಪ್ರಕಟಿಸಿದರು.

ಅದರಲ್ಲಿ ಗೂಢಲಿಪೀಕರಣ ಇರಲೇ ಇಲ್ಲ, ಐಪಿಸೆಕ್ ಹೊದಿಕೆಯನ್ನು ಆಮೇಲೆ ತೊಡಿಸಿದರು. ನ್ಯಾಟ್ ದಾಟುವ ಉಪಾಯ ಪ್ರಮಾಣಿತವಾದದ್ದು ಇನ್ನೂ ತಡವಾಗಿ, 2005ರಲ್ಲಿ. ಹೀಗೆ ಒಂದರ ಮೇಲೊಂದು ಪದರ ಬಂದು ಕುಳಿತಿರುವುದರಿಂದಲೇ ತುಂಗಾತೀರದವರು ವಿವರಿಸಿದ ತೊಡಕು ಹುಟ್ಟುತ್ತದೆ. ಆದರೂ ಹೊರಗಿನಿಂದ ಬರುವ ಬಳಕೆದಾರರನ್ನು ಹೆಸರಿನಿಂದ ಗುರುತಿಸಿ, ರೇಡಿಯಸ್ (ಹೆಸರು, ಪಾಸ್‌ವರ್ಡ್ ಪರೀಕ್ಷಿಸಿ ದಾಖಲಿಸುವ) ಸರ್ವರ್‌ನಲ್ಲಿ ಅವರ ಬರುಹೋಗುವಿಕೆಯನ್ನು ದಾಖಲಿಸುವ ಶಿಸ್ತು ಡಯಲ್ ಕಾಲದ ಕೊಡುಗೆ. ಹೊಸ ವ್ಯವಸ್ಥೆಗಳಲ್ಲಿ ಆ ಶಿಸ್ತು ತಾನಾಗಿ ದೊರೆಯುವುದಿಲ್ಲ.

ಘಟ್ಟದಮೇಲೆ:
ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಸದ್ಯಕ್ಕೆ ಪ್ರಾಕ್ಸಿ-ಎಆರ್‌ಪಿ ಹಾಕಿ ನೋಡಿದೆ, ಸರ್ವರ್ ಕೂಡಲೇ ಉತ್ತರಿಸಿತು. ಆದರೆ ಈಗ ಹೊಸದೊಂದು ವಿಚಿತ್ರ ಕಾಣಿಸಿಕೊಂಡಿದೆ. ಫೋಲ್ಡರ್ ತೆರೆಯುತ್ತದೆ, ಚಿಕ್ಕ ಕಡತಗಳು ಬರುತ್ತವೆ, ಆದರೆ ಸ್ಕ್ಯಾನ್ ಮಾಡಿದ ದಾಖಲೆಯಂತಹ ದೊಡ್ಡ ಕಡತವನ್ನು ನಕಲು ಮಾಡಲು ಹೋದರೆ ಸ್ವಲ್ಪ ಮುಂದೆ ಹೋಗಿ ನಿಂತುಬಿಡುತ್ತದೆ. ಮೊಬೈಲ್ ಡಾಂಗಲ್‌ನಿಂದ ಬರುವ ಶಾಖೆಗಳಲ್ಲಿ ಇದು ಹೆಚ್ಚು. ಅಲ್ಲದೆ, ಒಬ್ಬ ಲೆಕ್ಕಿಗರ ಮನೆಯಿಂದ ಮಾತ್ರ ಸರ್ವರ್ ಈಗಲೂ ಸಿಗುತ್ತಿಲ್ಲ.

ತುಂಗಾತೀರ:
ಆ ಲೆಕ್ಕಿಗರ ಮನೆಯ ವೈಫೈ ರೂಟರ್ ಯಾವ ವಿಳಾಸಗಳನ್ನು ಹಂಚುತ್ತಿದೆ ಎಂಬುದನ್ನು ನೋಡಿ. 192.168.1 ಎಂದು ಆರಂಭವಾಗುತ್ತಿದ್ದರೆ ಕಾರಣ ಅದೇ.

ಘಟ್ಟದಮೇಲೆ:
ಹೌದು, 192.168.1.5 ಎಂದು ತೋರಿಸುತ್ತಿದೆ.

ತುಂಗಾತೀರ:
ಹಾಗಿದ್ದರೆ ಅವರ ಲ್ಯಾಪ್‌ಟಾಪ್‌ಗೆ 192.168.1.10 ಎಂದರೆ ತನ್ನ ಮನೆಯೊಳಗಿನ ಯಾವುದೋ ಯಂತ್ರ, ಅದನ್ನು ಸುರಂಗದೊಳಗೆ ಕಳುಹಿಸಲು ಅದಕ್ಕೆ ಕಾರಣವೇ ಇಲ್ಲ. ಮನೆಗಳಿಗೆ ಬರುವ ಬಹುತೇಕ ರೂಟರ್‌ಗಳು 192.168.0 ಅಥವಾ 192.168.1 ಎಂದೇ ಬರುತ್ತವೆ. ಕಚೇರಿಯ ಜಾಲಕ್ಕೆ ಅದೇ ಅಂಕಿಯನ್ನು ಇಟ್ಟುಕೊಂಡಿರುವವರೆಗೆ ಒಬ್ಬರಲ್ಲ ಒಬ್ಬರ ಮನೆಯಲ್ಲಿ ಈ ಘರ್ಷಣೆ ಆಗುತ್ತಲೇ ಇರುತ್ತದೆ. ಪ್ರತಿಯೊಬ್ಬರ ಮನೆಯ ರೂಟರನ್ನು ಬದಲಿಸುವುದಕ್ಕಿಂತ ಕಚೇರಿಯ ಜಾಲವನ್ನೇ ಒಮ್ಮೆ 10ರಿಂದ ಆರಂಭವಾಗುವ, ಯಾರೂ ಸಾಮಾನ್ಯವಾಗಿ ಆರಿಸದ ಅಂಕಿಗೆ ಬದಲಿಸುವುದು ಲೇಸು. 10.83.17.0 ಎಂಬಂತಹದ್ದು. ಮುದ್ರಕಗಳು, ಹಾಜರಾತಿ ಯಂತ್ರ, ಸಿಸಿಟಿವಿಯ ರೆಕಾರ್ಡರ್ ಇವುಗಳಲ್ಲಿ ಕೈಯಾರೆ ಬರೆದ ವಿಳಾಸಗಳ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಂಡು ಒಂದು ಭಾನುವಾರ ಕುಳಿತರೆ ಮುಗಿಯುವ ಕೆಲಸ.

ತಂತಿಬೇಲಿ:
ದೊಡ್ಡ ಕಡತ ನಿಲ್ಲುವುದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರದ, ತೊಂದರೆ. ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಎತರ್‌ನೆಟ್‌ನ 1500 ಬೈಟ್‌ಗಳಲ್ಲಿ ಪಿಪಿಪಿಒಇಗೆ 8 ಹೋಗಿ 1492 ಉಳಿಯುತ್ತದೆ. ಅದರ ಮೇಲೆ ಹೊರಗಿನ ಐಪಿ ತಲೆಬರಹಕ್ಕೆ 20, ನ್ಯಾಟ್ ದಾಟಲು ಯುಡಿಪಿಗೆ 8, ಐಪಿಸೆಕ್‌ನ ಇಎಸ್‌ಪಿ ತಲೆಬರಹಕ್ಕೆ 8, ಎಇಎಸ್ ಗೂಢಲಿಪಿಯ ಆರಂಭಿಕ ವೆಕ್ಟರ್‌ಗೆ 16, ಭರ್ತಿಯ ಬೈಟ್‌ಗಳು, ದೃಢೀಕರಣದ 12 ಅಥವಾ 16, ಒಳಗಿನ ಯುಡಿಪಿಗೆ ಮತ್ತೆ 8, ಎಲ್‌2ಟಿಪಿ ಮತ್ತು ಪಿಪಿಪಿಗಳ ತಲೆಬರಹ, ಇವೆಲ್ಲ ಸೇರಿ ಸುಮಾರು 80ರಿಂದ 100 ಬೈಟ್ ಆಗುತ್ತದೆ. ಮೈಕ್ರೋಟಿಕ್‌ನ ಎಲ್‌2ಟಿಪಿಯಲ್ಲಿ ಗರಿಷ್ಠ ಎಂಟಿಯು ಮೂಲತಃ 1450 ಎಂದಿರುತ್ತದೆ. ಅಂದರೆ ತುಂಬಿದ ಪ್ಯಾಕೆಟ್ ಪ್ರತಿ ಸಲವೂ ಹೊರಗಿನ ದಾರಿಗಿಂತ ದೊಡ್ಡದಾಗಿ ಒಡೆಯಬೇಕಾಗುತ್ತದೆ. ಒಡೆದ ತುಣುಕುಗಳನ್ನು ಮಧ್ಯದ ಉಪಕರಣ ಎಸೆದರೆ, ಅಥವಾ ಪ್ಯಾಕೆಟ್ ದೊಡ್ಡದಾಯಿತು ಎಂದು ತಿಳಿಸುವ ಐಸಿಎಂಪಿ ಸಂದೇಶವನ್ನು ಯಾರೋ ಫೈರ್‌ವಾಲ್‌ನಲ್ಲಿ ತಡೆದಿದ್ದರೆ, ಕಳುಹಿಸಿದವರಿಗೆ ಏನೂ ಗೊತ್ತಾಗದೆ ನಕಲು ನಿಂತುಬಿಡುತ್ತದೆ. ಲಾಗಿನ್ ಮತ್ತು ಚಿಕ್ಕ ಕಡತಗಳ ಪ್ಯಾಕೆಟ್‌ಗಳು ಸಣ್ಣವಾದ್ದರಿಂದ ಅವು ನಿರಾತಂಕವಾಗಿ ಸಾಗುತ್ತವೆ.

ಗರಿಷ್ಠ ಎಂಟಿಯುವನ್ನು 1380ಕ್ಕೆ ಇಳಿಸಿ. ಪಿಪಿಪಿ ಪ್ರೊಫೈಲ್‌ನಲ್ಲಿ ಟಿಸಿಪಿ ಎಂಎಸ್‌ಎಸ್ ಬದಲಿಸು ಎಂಬುದನ್ನು ಚಾಲನೆಯಲ್ಲಿಡಿ, ಆಗ ಎಂಎಸ್‌ಎಸ್ (ಪ್ಯಾಕೆಟ್‌ನೊಳಗಿನ ದತ್ತಾಂಶದ ಗರಿಷ್ಠ ಗಾತ್ರ) 1340 ಆಗುತ್ತದೆ. ಪರೀಕ್ಷಿಸಲು ವಿಂಡೋಸ್‌ನ ಪಿಂಗ್ ಆಜ್ಞೆಯಲ್ಲಿ ಒಡೆಯಬೇಡ ಎಂಬ ಆಯ್ಕೆಯೊಡನೆ 1352 ಬೈಟ್‌ಗಳನ್ನು ಸರ್ವರಿಗೆ ಕಳುಹಿಸಿ, 28 ಬೈಟ್ ತಲೆಬರಹ ಸೇರಿ ಅದು ಸರಿಯಾಗಿ 1380 ಆಗುತ್ತದೆ. ಮೊಬೈಲ್ ಜಾಲದಲ್ಲಿ ದಾರಿ ಇನ್ನೂ ಕಿರಿದಾಗಿರಬಹುದು, ಅಲ್ಲಿ ಅದಕ್ಕಿಂತ ಕೆಳಗೆ ಇಳಿಯಬೇಕಾಗಬಹುದು.

ಘಟ್ಟದಮೇಲೆ:
1380 ಮಾಡಿದ ಮೇಲೆ ಫೈಬರ್ ಇರುವ ಎಲ್ಲ ಕಡೆ ದೊಡ್ಡ ಕಡತ ಸರಾಗವಾಗಿ ಬರುತ್ತಿದೆ. ಒಂದು ಡಾಂಗಲ್‌ಗೆ ಮಾತ್ರ 1300ಕ್ಕೆ ಇಳಿಸಬೇಕಾಯಿತು. ತಂತಿಬೇಲಿಯವರಿಗೆ ವಿಶೇಷ ಧನ್ಯವಾದ. ಉಳಿದದ್ದು ಲೆಕ್ಕಪರಿಶೋಧಕರ ಜೋಡಿ ಮತ್ತು ಆಂಡ್ರಾಯ್ಡ್ ಫೋನ್.

ಸರ್ವರ್‌ಕೋಣೆ:
ಆಂಡ್ರಾಯ್ಡ್ 12ರಿಂದ ಪಿಪಿಟಿಪಿ ಮತ್ತು ಎಲ್‌2ಟಿಪಿಯ ಹೊಸ ಸಂಪರ್ಕಗಳನ್ನು ಸೇರಿಸುವ ಅವಕಾಶವನ್ನೇ ತೆಗೆದುಹಾಕಲಾಗಿದೆ. ಮೈಕ್ರೋಸಾಫ್ಟ್ ಕೂಡ ಮುಂದಿನ ವಿಂಡೋಸ್ ಸರ್ವರ್ ಆವೃತ್ತಿಗಳಲ್ಲಿ ಈ ಎರಡನ್ನೂ ಕೈಬಿಡುವುದಾಗಿ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದೆ. ದಾರಿ ಮುಚ್ಚುತ್ತಿರುವುದು ಸ್ಪಷ್ಟವಾಗಿರುವಾಗ ಅದಕ್ಕೆ ತೇಪೆ ಹಾಕುತ್ತ ಕೂರುವುದರಲ್ಲಿ ಅರ್ಥವಿಲ್ಲ. ವೈರ್‌ಗಾರ್ಡ್ ಎಂಬ ಹೊಸ ಬಗೆಯ ವಿಪಿಎನ್‌ಗೆ ಹೋಗಿ. ಜೇಸನ್ ಡೋನೆನ್‌ಫೆಲ್ಡ್ ಅವರು ರೂಪಿಸಿದ ಇದು 2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6 ಕರ್ನಲ್‌ನಲ್ಲಿಯೇ ಸೇರಿತು, ಮೈಕ್ರೋಟಿಕ್‌ನ ರೂಟರ್‌ಒಎಸ್ 7ರಲ್ಲಿಯೂ ಇದೆ. ಒಂದೇ ಯುಡಿಪಿ ಪೋರ್ಟ್ ಸಾಕು. ಒಂದೇ ನ್ಯಾಟ್ ಹಿಂದೆ ಹತ್ತು ಜನರಿದ್ದರೂ ಪ್ರತಿಯೊಬ್ಬರಿಗೂ ತಮ್ಮದೇ ಕೀಲಿ ಇರುವುದರಿಂದ ಗೊಂದಲವಿಲ್ಲ. ವೈಫೈಯಿಂದ ಮೊಬೈಲ್ ದತ್ತಾಂಶಕ್ಕೆ ಬದಲಾದರೂ ಸುರಂಗ ಮುರಿಯುವುದಿಲ್ಲ. ಸರಿಯಾದ ಕೀಲಿಯಿಲ್ಲದೆ ಬಾಗಿಲು ತಟ್ಟಿದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲವಾದ್ದರಿಂದ, ಹೊರಗಿನಿಂದ ತಡಕುವವರಿಗೆ ಅಲ್ಲೊಂದು ಸೇವೆಯಿದೆ ಎಂಬುದೂ ತಿಳಿಯದು.

ಕರಾವಳಿಅಲೆ:
ವೈರ್‌ಗಾರ್ಡ್‌ನ ಗುಣಗಳನ್ನು ಒಪ್ಪುತ್ತೇನೆ, ಆದರೆ ಸಹಕಾರ ಸಂಘದಂತಹ ಸಂಸ್ಥೆಗೆ ಐಪಿಸೆಕ್‌ಗೆ ಕೀಲಿಗಳನ್ನು ಗೊತ್ತುಮಾಡುವ ಐಕೆಇಯ ಎರಡನೆಯ ಆವೃತ್ತಿಯೇ (ಐಕೆಇವಿ2) ಸೂಕ್ತ ಎಂಬುದು ನನ್ನ ದೃಢ ಅಭಿಪ್ರಾಯ. ವೈರ್‌ಗಾರ್ಡ್‌ಗೆ ಬಳಕೆದಾರ ಎಂಬ ಕಲ್ಪನೆಯೇ ಇಲ್ಲ, ಅದಕ್ಕೆ ಗೊತ್ತಿರುವುದು ಕೀಲಿ ಮಾತ್ರ. ಲ್ಯಾಪ್‌ಟಾಪ್ ಕಳುವಾದರೆ ಕದ್ದವರ ಕೈಗೆ ಕೀಲಿಯೂ ಸಿಕ್ಕಿತು, ಪಾಸ್‌ವರ್ಡ್ ಕೇಳುವವರು ಯಾರೂ ಇಲ್ಲ. ಐಕೆಇವಿ2ರಲ್ಲಿ ಸರ್ವರ್ ತನ್ನ ಪ್ರಮಾಣಪತ್ರ ತೋರಿಸುತ್ತದೆ, ಬಳಕೆದಾರ ತನ್ನ ಹೆಸರು ಮತ್ತು ಪಾಸ್‌ವರ್ಡ್ ಕೊಡುತ್ತಾನೆ, ರೇಡಿಯಸ್‌ನಲ್ಲಿ ದಾಖಲಾಗುತ್ತದೆ. ವಿಂಡೋಸ್, ಆಂಡ್ರಾಯ್ಡ್ ಮತ್ತು ಐಫೋನ್‌ಗಳಲ್ಲಿ ಏನನ್ನೂ ಹೊಸದಾಗಿ ಸ್ಥಾಪಿಸಬೇಕಾಗಿಲ್ಲ. ಮೊಬೈಕ್ ವಿಸ್ತರಣೆಯಿಂದ ಜಾಲ ಬದಲಾದರೂ ಸುರಂಗ ಉಳಿಯುತ್ತದೆ, ಅದು 2006ರಿಂದಲೇ ಪ್ರಮಾಣಿತವಾಗಿದೆ.

ಸರ್ವರ್‌ಕೋಣೆ:
ಏನನ್ನೂ ಸ್ಥಾಪಿಸಬೇಕಾಗಿಲ್ಲ ಎಂಬುದು ಅರ್ಧ ಮಾತ್ರ ನಿಜ. ವಿಂಡೋಸ್‌ನ ಐಕೆಇವಿ2 ತಾನಾಗಿ ಮುಂದಿಡುವುದು 1024 ಬಿಟ್‌ನ ಡಿಫಿ-ಹೆಲ್‌ಮನ್ ಗುಂಪನ್ನು (ಕೀಲಿ ರೂಪಿಸುವ ಲೆಕ್ಕದ ಈಗ ದುರ್ಬಲವಾದ ಅಳತೆಯನ್ನು), ಅದನ್ನು ಬಲಪಡಿಸಲು ಪ್ರತಿ ಯಂತ್ರದಲ್ಲಿಯೂ ಪವರ್‌ಶೆಲ್ ಆಜ್ಞೆ ಕೊಡಬೇಕು. ಪ್ರಮಾಣಪತ್ರವನ್ನು ನೀವೇ ಸೃಷ್ಟಿಸಿದ್ದರೆ ಅದರ ಮೂಲಪತ್ರವನ್ನು ಎಲ್ಲ ಯಂತ್ರಗಳಿಗೂ ಹಾಕಬೇಕು. ಹೆಸರು ಮತ್ತು ಪಾಸ್‌ವರ್ಡ್ ವಿಧಾನಕ್ಕೆ ಮೈಕ್ರೋಟಿಕ್‌ನಲ್ಲಿ ರೇಡಿಯಸ್ ಬೇಕೇ ಬೇಕು. ಒಬ್ಬರೇ ನೋಡಿಕೊಳ್ಳುವ ಸಣ್ಣ ಕಚೇರಿಯಲ್ಲಿ ಪ್ರಮಾಣಪತ್ರದ ಅವಧಿ ಮುಗಿದ ದಿನ ಎಲ್ಲ ಶಾಖೆಗಳೂ ಒಟ್ಟಿಗೆ ನಿಲ್ಲುತ್ತವೆ.

ಕರಾವಳಿಅಲೆ:
ರೂಟರ್‌ಒಎಸ್ 7ರ ಯೂಸರ್ ಮ್ಯಾನೇಜರ್‌ನಲ್ಲಿಯೇ ರೇಡಿಯಸ್ ಇದೆ, ಹೆಸರು ಮತ್ತು ಪಾಸ್‌ವರ್ಡ್ ಪರೀಕ್ಷೆಗೆ ಬಳಸುವ ಇಎಪಿಯನ್ನೂ ಅದು ನಿಭಾಯಿಸುತ್ತದೆ. ಹೊರಗೊಂದು ಸರ್ವರ್ ಬೇಕಾಗಿಲ್ಲ. ಪ್ರಮಾಣಪತ್ರದ ಅವಧಿಯನ್ನು ಕ್ಯಾಲೆಂಡರ್‌ನಲ್ಲಿ ಬರೆದಿಟ್ಟುಕೊಳ್ಳುವುದು ಹೊಣೆ ಹೊತ್ತವರಿಗೆ ಭಾರವಾಗಬಾರದು.

ಕೀಲಿಕೈ:
ಇಬ್ಬರ ವಾದದಲ್ಲಿಯೂ ತಥ್ಯವಿದೆ. ಒಂದು ಅಂಶವನ್ನು ಸೇರಿಸುತ್ತೇನೆ. ಈಗಿನ ಎಲ್‌2ಟಿಪಿಯಲ್ಲಿ ಎಲ್ಲರಿಗೂ ಒಂದೇ ಹಂಚಿಕೆಯ ಕೀಲಿ ಕೊಟ್ಟಿರುವಿರಿ ಎಂದು ಭಾವಿಸುತ್ತೇನೆ. ಆ ಕೀಲಿ ಗೊತ್ತಿರುವ ಯಾರಾದರೂ ನಿಮ್ಮ ಸರ್ವರ್‌ನಂತೆ ನಟಿಸಿ ಉಳಿದವರ ಲಾಗಿನ್ ಹಿಡಿಯಬಹುದು. ಯಾರಾದರೂ ಕೆಲಸ ಬಿಟ್ಟಾಗ ಅದನ್ನು ಎಲ್ಲರ ಯಂತ್ರದಲ್ಲಿಯೂ ಬದಲಿಸಬೇಕು, ಹೆಚ್ಚಿನ ಕಡೆ ಯಾರೂ ಬದಲಿಸುವುದಿಲ್ಲ. ವೈರ್‌ಗಾರ್ಡ್‌ನಲ್ಲಿ ಕೆಲಸ ಬಿಟ್ಟವರ ಸಾಲನ್ನು ಅಳಿಸಿದರೆ ಉಳಿದವರಿಗೆ ಏನೂ ಆಗುವುದಿಲ್ಲ. ಕಳುವಾದ ಲ್ಯಾಪ್‌ಟಾಪ್‌ನ ಆತಂಕಕ್ಕೆ ಬಿಟ್‌ಲಾಕರ್‌ನಂತಹ ಡಿಸ್ಕ್ ಗೂಢಲಿಪೀಕರಣವೇ ಉತ್ತರ. ವಿಪಿಎನ್ ಪಾಸ್‌ವರ್ಡನ್ನು ವಿಂಡೋಸ್‌ನಲ್ಲಿ ಉಳಿಸಿಟ್ಟವರ ಸ್ಥಿತಿಯೂ ಐಕೆಇವಿ2ರಲ್ಲಿ ಬೇರೆಯಲ್ಲ. ಸುರಂಗ ಯಾವುದೇ ಇರಲಿ, ಸರ್ವರ್‌ನ ಲಾಗಿನ್ ಬೇರೆಯಾಗಿಯೇ ಇರಲಿ.

ಅಡಿಕೆತೋಟ:
ಮಧ್ಯೆ ಒಂದು ಪ್ರಶ್ನೆ. ನಮ್ಮಲ್ಲಿ ಸ್ಥಿರ ವಿಳಾಸವಿಲ್ಲ. ರೂಟರ್‌ನ ಹೊರಬದಿಯಲ್ಲಿ 100.72 ಎಂದು ಆರಂಭವಾಗುವ ವಿಳಾಸ ಕಾಣುತ್ತದೆ, ಅಂತರ್ಜಾಲದಲ್ಲಿ ನೋಡಿದರೆ ಬೇರೆಯೇ ವಿಳಾಸ. ನಮಗೆ ಇದು ಸಾಧ್ಯವೇ?

ತಂತಿಬೇಲಿ:
ನೀವು ಸೇವಾದಾರರ ನ್ಯಾಟ್‌ನ ಹಿಂದಿದ್ದೀರಿ. 100.64.0.0ದಿಂದ 100.127.255.255ರವರೆಗಿನ ವಿಳಾಸಗಳನ್ನು 2012ರಲ್ಲಿ ಆರ್‌ಎಫ್‌ಸಿ 6598 ಇದಕ್ಕೆಂದೇ ಮೀಸಲಿಟ್ಟಿತು. ಹೊರಗಿನಿಂದ ನಿಮ್ಮ ರೂಟರ್‌ಗೆ ನೇರ ಕರೆ ಬರಲಾರದು, ಡೈನಾಮಿಕ್ ಡಿಎನ್‌ಎಸ್ (ಬದಲಾಗುವ ವಿಳಾಸಕ್ಕೆ ಒಂದೇ ಹೆಸರು ಕೊಡುವ ಸೇವೆ) ಕೂಡ ಇಲ್ಲಿ ನಿರುಪಯೋಗಿ. ಸೇವಾದಾರರಿಂದ ಸ್ಥಿರ ವಿಳಾಸ ಪಡೆಯುವುದು ಮೊದಲ ದಾರಿ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ದತ್ತಾಂಶ ಕೇಂದ್ರವಿರುವವರಿಂದ ಸಣ್ಣದೊಂದು ವರ್ಚುವಲ್ ಸರ್ವರ್ ಬಾಡಿಗೆಗೆ ಪಡೆದು, ಕಚೇರಿಯ ರೂಟರ್ ಮತ್ತು ಬಳಕೆದಾರರು ಇಬ್ಬರೂ ಅಲ್ಲಿಗೆ ಕರೆ ಮಾಡುವಂತೆ ವೈರ್‌ಗಾರ್ಡ್ ಕಟ್ಟುವುದು ಎರಡನೆಯದು. ಕಚೇರಿಯ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ (ಸುರಂಗ ತೆರೆದಿರಲು ಆಗಾಗ ಕಳುಹಿಸುವ ಸಣ್ಣ ಪ್ಯಾಕೆಟ್) 25 ಸೆಕೆಂಡ್ ಇಡುವುದು ಅಲ್ಲಿ ಕಡ್ಡಾಯ, ಇಲ್ಲವಾದರೆ ನ್ಯಾಟ್‌ನ ಕಿಂಡಿ ಮುಚ್ಚಿಹೋಗುತ್ತದೆ.

ಹಳೆಯಮೋಡೆಮ್:
ಕಾನೂನಿನ ವಿಷಯವನ್ನೂ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ವಿಪಿಎನ್ ಸೇವೆ ಮಾರುವವರು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದಿದೆ. ಸಂಸ್ಥೆಗಳು ತಮ್ಮ ಸಿಬ್ಬಂದಿಗಾಗಿ ನಡೆಸುವ ವಿಪಿಎನ್‌ಗೆ ಅದು ಅನ್ವಯಿಸುವುದಿಲ್ಲ ಎಂದು ಅವರೇ ಆಮೇಲೆ ಸ್ಪಷ್ಟಪಡಿಸಿದರು. ಆದರೆ ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳುವ ಮತ್ತು ಗಡಿಯಾರವನ್ನು ಸರಿಹೊಂದಿಸುವ ಸೂಚನೆಗಳೂ ಅದರಲ್ಲಿಯೇ ಇವೆ, ಅವನ್ನು ಪಾಲಿಸುವುದು ಸೂಕ್ತ. ವೈರ್‌ಗಾರ್ಡ್ ತಾನಾಗಿ ಲಾಗಿನ್ ದಾಖಲೆ ಬರೆಯುವುದಿಲ್ಲವಾದ್ದರಿಂದ, ಪ್ರತಿ ಬಳಕೆದಾರನಿಗೆ ನಿಗದಿತ ವಿಳಾಸ ಕೊಟ್ಟು ಫೈರ್‌ವಾಲ್‌ನಲ್ಲಿ ಹೊಸ ಸಂಪರ್ಕಗಳನ್ನು ದಾಖಲಿಸಿ, ಆ ದಾಖಲೆಯನ್ನು ಹೊರಗಿನ ಸಿಸ್‌ಲಾಗ್ ಸರ್ವರಿಗೆ ಕಳುಹಿಸಬೇಕು. ರೂಟರ್‌ನ ಸ್ಮೃತಿಯಲ್ಲಿರುವ ಲಾಗ್ ವಿದ್ಯುತ್ ಹೋದರೆ ಅಳಿಸಿಹೋಗುತ್ತದೆ.

ಬಯಲುಸೀಮೆ:
ಸುರಂಗ ಸರಿಹೋದರೂ ಟ್ಯಾಲಿ ನಿಧಾನವಾಗಿಯೇ ಇರುತ್ತದೆ, ನೋಡಿ. ನಾನು ರಿಮೋಟ್ ಡೆಸ್ಕ್‌ಟಾಪ್ ಎಂದದ್ದು ಅದಕ್ಕೇ.

ಕೀಲಿಕೈ:
ಈ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಟ್ಯಾಲಿಯ ದತ್ತಾಂಶವನ್ನು ಹಂಚಿದ ಫೋಲ್ಡರ್‌ನಲ್ಲಿಟ್ಟು ದೂರದಿಂದ ತೆರೆದರೆ, ಪ್ರತಿ ಸಣ್ಣ ಓದಿಗೂ ಒಂದು ಹೋಗಿಬರುವ ಪ್ರಯಾಣವಾಗುತ್ತದೆ. ವೇಗ ಎಷ್ಟೇ ಇದ್ದರೂ ಈ ವಿಳಂಬ ಕಾಡುತ್ತದೆ, ಮಧ್ಯೆ ಸಂಪರ್ಕ ಕಡಿದರೆ ದತ್ತಾಂಶ ಕೆಡುವ ಅಪಾಯವೂ ಇದೆ. ಸುರಂಗದ ಒಳಗೆ ರಿಮೋಟ್ ಡೆಸ್ಕ್‌ಟಾಪ್ ಬಳಸಿ, ಟ್ಯಾಲಿ ಕಚೇರಿಯ ಯಂತ್ರದಲ್ಲಿಯೇ ಓಡಲಿ, ಪರದೆಯ ಚಿತ್ರ ಮಾತ್ರ ಹೊರಗೆ ಹೋಗಲಿ. ವಿಂಡೋಸ್ ಸರ್ವರ್‌ನಲ್ಲಿ ಆಡಳಿತಕ್ಕೆಂದು ಇರುವ ಎರಡು ಸಂಪರ್ಕಗಳಿಗಿಂತ ಹೆಚ್ಚು ಜನ ಬರುವುದಾದರೆ ಪ್ರತ್ಯೇಕ ಪರವಾನಗಿ ಕೊಳ್ಳಬೇಕು, ಅದನ್ನು ಆಡಳಿತ ಮಂಡಳಿಯ ಮುಂದೆ ಇಡುವ ಅಂದಾಜಿನಲ್ಲಿ ಸೇರಿಸಿಕೊಳ್ಳಿ.

ಘಟ್ಟದಮೇಲೆ:
ಎಲ್ಲರ ಮಾತುಗಳನ್ನು ಮುಂದಿಟ್ಟುಕೊಂಡು ಹೀಗೆ ತೀರ್ಮಾನಿಸಿದ್ದೇನೆ. ಕಚೇರಿಯ ಜಾಲವನ್ನು 10.83.17.0ಕ್ಕೆ ಬದಲಿಸುತ್ತೇನೆ. ಹೊರಗಿನವರಿಗೆ 10.83.90.0 ಎಂಬ ಪ್ರತ್ಯೇಕ ಸಬ್‌ನೆಟ್, ವೈರ್‌ಗಾರ್ಡ್ ಮೂಲಕ. ಅವರಿಗೆ ರಿಮೋಟ್ ಡೆಸ್ಕ್‌ಟಾಪ್ ಸರ್ವರ್ ಮಾತ್ರ ಕಾಣುವಂತೆ ಫೈರ್‌ವಾಲ್ ನಿಯಮ ಇರುತ್ತದೆ. ಪರೀಕ್ಷೆಗೆಂದು ಲೆಕ್ಕಪರಿಶೋಧಕರ ಎರಡೂ ಲ್ಯಾಪ್‌ಟಾಪ್‌ಗಳಲ್ಲಿ ವೈರ್‌ಗಾರ್ಡ್ ಹಾಕಿ ನೋಡಿದ್ದೇನೆ, ಇಬ್ಬರೂ ಒಟ್ಟಿಗೆ ಕೆಲಸ ಮಾಡುತ್ತಿದ್ದಾರೆ. ವ್ಯವಸ್ಥಾಪಕರ ಫೋನ್ ಕೂಡ ಸೇರಿತು. ಇನ್ನು ಯಾವುದಕ್ಕೆ ಎಚ್ಚರ ವಹಿಸಬೇಕು?

ಸರ್ವರ್‌ಕೋಣೆ:
ರೂಟರ್‌ನಲ್ಲಿ ಪ್ರತಿ ಬಳಕೆದಾರನ ಅಲೌಡ್ ಅಡ್ರೆಸ್ ಎಂಬಲ್ಲಿ ಆತನ ಒಂದೇ ವಿಳಾಸವನ್ನು 32 ಬಿಟ್‌ಗಳ ಮುಖವಾಡದೊಡನೆ ಬರೆಯಿರಿ. ಅಲ್ಲಿ ಎಲ್ಲ ವಿಳಾಸಗಳೂ ಎಂದು 0.0.0.0 ಬರೆದರೆ, ಯಾವ ವಿಳಾಸ ಯಾವ ಕೀಲಿಯದು ಎಂಬ ನಕ್ಷೆಯೇ ಕೆಟ್ಟು, ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಉತ್ತರ ಹೋಗುತ್ತದೆ. ಲೆಕ್ಕಪರಿಶೋಧಕರ ಹಳೆಯ ತೊಂದರೆಯಂತೆಯೇ ಕಾಣುತ್ತದೆ, ಕಾರಣ ಬೇರೆ. ಬಳಕೆದಾರರ ಕಡೆ 10.83.17.0 ಜಾಲವನ್ನು ಮಾತ್ರ ಬರೆದರೆ ಅವರ ಉಳಿದ ಸಂಚಾರ ಅವರ ಮನೆಯ ಸಂಪರ್ಕದಿಂದಲೇ ಹೋಗುತ್ತದೆ.

ತಂತಿಬೇಲಿ:
ವೈರ್‌ಗಾರ್ಡ್‌ನ 1420 ಎಂಟಿಯು ನಿಮ್ಮ 1492ರ ದಾರಿಯಲ್ಲಿ ಐಪಿವಿ4 ಮೂಲಕ ಸರಿಹೊಂದುತ್ತದೆ, ಏಕೆಂದರೆ ಅದರ ಹೊದಿಕೆ 60 ಬೈಟ್. ಹೊರಗಿನ ದಾರಿ ಐಪಿವಿ6 ಆದರೆ ಹೊದಿಕೆ 80 ಆಗುತ್ತದೆ, ಆಗ 1412ಕ್ಕೆ ಇಳಿಸಬೇಕು. ತೊಂದರೆ ಕೊಟ್ಟ ಡಾಂಗಲ್‌ಗೆ 1280 ಇಟ್ಟುಬಿಡಿ.

ಕರಾವಳಿಅಲೆ:
ವಿಂಡೋಸ್‌ನಲ್ಲಿ ಸಾಮಾನ್ಯ ಬಳಕೆದಾರರು ವೈರ್‌ಗಾರ್ಡ್ ಸುರಂಗವನ್ನು ತೆರೆದು ಮುಚ್ಚಬೇಕಾದರೆ ಅವರನ್ನು ನೆಟ್‌ವರ್ಕ್ ಕಾನ್ಫಿಗರೇಶನ್ ಆಪರೇಟರ್ಸ್ ಗುಂಪಿಗೆ ಸೇರಿಸಿ, ರಿಜಿಸ್ಟ್ರಿಯಲ್ಲಿ ಲಿಮಿಟೆಡ್‌ಆಪರೇಟರ್‌ಯುಐ ಮೌಲ್ಯವನ್ನು 1 ಮಾಡಬೇಕು. ಇದಕ್ಕಾಗಿ ಗುಮಾಸ್ತರಿಗೆ ಆಡಳಿತಾಧಿಕಾರ ಕೊಡುವುದು ಬೇಡ. ಬಳಕೆದಾರರ ಸಂಖ್ಯೆ ಹೆಚ್ಚಿದ ದಿನ ಐಕೆಇವಿ2ರ ಬಗ್ಗೆ ಮತ್ತೆ ಯೋಚಿಸಿ ಎಂಬ ನನ್ನ ಮಾತು ಹಾಗೆಯೇ ಇರಲಿ.

ಕೀಲಿಕೈ:
ಎಲ್ಲರೂ ಬದಲಾದ ಮೇಲೆ ಎಲ್‌2ಟಿಪಿ ಸರ್ವರನ್ನು ನಿಲ್ಲಿಸಿ, ಪಿಪಿಪಿ ಸೀಕ್ರೆಟ್‌ಗಳನ್ನು (ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳನ್ನು) ಅಳಿಸಿ, ಫೈರ್‌ವಾಲ್‌ನಲ್ಲಿ 500, 4500 ಮತ್ತು 1701 ಪೋರ್ಟ್‌ಗಳಿಗೆ ಕೊಟ್ಟ ಅನುಮತಿಯನ್ನೂ ತೆಗೆಯಿರಿ. ಬ್ರಿಡ್ಜ್‌ನ ಪ್ರಾಕ್ಸಿ-ಎಆರ್‌ಪಿಯನ್ನೂ ಮೊದಲಿನಂತೆ ಮಾಡಿ. ಮೈಕ್ರೋಟಿಕ್ ರೂಟರನ್ನು ನಿರ್ವಹಿಸುವ ವಿನ್‌ಬಾಕ್ಸ್ ತಂತ್ರಾಂಶದ 8291 ಪೋರ್ಟ್ ಹೊರಗಿನಿಂದ ತೆರೆದಿದೆಯೇ ಎಂಬುದನ್ನೂ ನೋಡಿ, ತೆರೆದಿದ್ದರೆ ಇಂದೇ ಮುಚ್ಚಿ.

ಘಟ್ಟದಮೇಲೆ:
8291 ಹೊರಗಿನಿಂದ ಮುಚ್ಚಿಯೇ ಇದೆ. ವಿಳಾಸ ಬದಲಾವಣೆಗೆ ಭಾನುವಾರ ಗೊತ್ತುಮಾಡಿದ್ದೇನೆ, ಶಾಖೆಗಳಿಗೆ ಸುತ್ತೋಲೆಯೂ ಹೋಗಿದೆ. ಎಲ್ಲ ಶಾಖೆಗಳೂ ವೈರ್‌ಗಾರ್ಡ್‌ಗೆ ಬರುವವರೆಗೆ ಎಲ್‌2ಟಿಪಿಯನ್ನು ಹಾಗೆಯೇ ಇಟ್ಟು, ಆಮೇಲೆ ಕೀಲಿಕೈಯವರು ಹೇಳಿದ ಕ್ರಮದಲ್ಲಿ ತೆಗೆಯುತ್ತೇನೆ.